ಕಾಸಿಗೊಂದು ಗಾಜಿನ ಲೋಟ

ರೋಮನ್ ಕಾಲದ ಗಾಜಿನ ಪಾನಪಾತ್ರೆಯ ಮಾತು ಬಂದ ಕೂಡಲೇ ಪುಸ್ತಕಗಳೂ ಸಾಕ್ಷ್ಯಚಿತ್ರಗಳೂ ಒಂದೇ ವಸ್ತುವನ್ನು ಮುಂದಿಡುತ್ತವೆ. ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಲೈಕರ್ಗಸ್ ಬಟ್ಟಲು. ಕ್ರಿ.ಶ. 4ನೆಯ ಶತಮಾನದ ಈ ಬಟ್ಟಲು ಹೊರಗಿನ ಬೆಳಕಿನಲ್ಲಿ ಹಸಿರಾಗಿ ಕಾಣುತ್ತದೆ, ಒಳಗೆ ದೀಪವಿಟ್ಟರೆ ಕೆಂಪಾಗುತ್ತದೆ. ಅದರ ಬೆನ್ನಿಗೆ ಬರುವ ಮಾತೂ ಹೆಚ್ಚುಕಡಿಮೆ ಒಂದೇ: ರೋಮನ್ನರಲ್ಲಿ ಗಾಜು ಅರಮನೆಯ ಸೊತ್ತಾಗಿತ್ತು, ಅದರ ವಿದ್ಯೆ ಕೆಲವೇ ಕುಶಲಿಗಳ ಗುಟ್ಟಾಗಿತ್ತು, ಸಾಮ್ರಾಜ್ಯದ ಜೊತೆಗೇ ಆ ಗುಟ್ಟೂ ಮಣ್ಣುಪಾಲಾಯಿತು, ಇಂದಿನ ನ್ಯಾನೊ ತಂತ್ರಜ್ಞಾನವನ್ನು ಅವರು 1,600 ವರ್ಷ ಮೊದಲೇ ಬಲ್ಲವರಾಗಿದ್ದರು. ಕಥೆ ಸೊಗಸಾಗಿದೆ, ಆದರೆ ಅದು ರೋಮನ್ ಗಾಜನ್ನು ತಲೆಕೆಳಗಾಗಿ ನಿಲ್ಲಿಸುತ್ತದೆ. ಆ ಕಾಲದ ಗಾಜಿನ ಲೋಟದಲ್ಲಿ ಹೊಸದಾಗಿ ಕಂಡದ್ದು ಅದರ ಅಗ್ಗತನ. ಅದಕ್ಕೂ ಹಿಂದಿನ ಸಾವಿರದೈನೂರು ವರ್ಷ ಗಾಜು ರಾಜರ, ದೇಗುಲಗಳ, ಸಿರಿವಂತರ ವಸ್ತುವಾಗಿತ್ತು. ರೋಮನ್ನರ ಕಾಲದಲ್ಲಿ ಅದು ಬೀದಿಯ ಹೆಂಡದಂಗಡಿಗೆ ಇಳಿದು ಬಂತು. ಈ ಇಳಿತವನ್ನು ಬಿಟ್ಟು ಉಳಿದೆಲ್ಲವನ್ನೂ ಕೊಂಡಾಡುವುದು ವಾಡಿಕೆಯಾಗಿದೆ.

ಲೈಕರ್ಗಸ್ ಬಟ್ಟಲಿನಿಂದಲೇ ತೊಡಗಬೇಕು, ಏಕೆಂದರೆ ಚಾಲ್ತಿಯಲ್ಲಿರುವ ಅಭಿಪ್ರಾಯವೆಲ್ಲ ಅದರ ಮೇಲೆಯೇ ನಿಂತಿದೆ. ಅದರ ಸುತ್ತ ಕಡೆದಿರುವುದು ಥ್ರೇಸಿನ ದೊರೆ ಲೈಕರ್ಗಸನ ಕಥೆ. ಮದ್ಯದೇವತೆ ಡಯೊನೈಸಸನ ಪರಿವಾರದ ಮೇಲೆ ಅವನು ಏರಿಹೋಗುತ್ತಾನೆ. ಅಂಬ್ರೋಸಿಯಾ ಎಂಬವಳು ದ್ರಾಕ್ಷಿಬಳ್ಳಿಯಾಗಿ ಮಾರ್ಪಟ್ಟು ಅವನನ್ನು ಬಿಗಿದು ಹಾಕುತ್ತಾಳೆ. 1958ರಲ್ಲಿ ಮ್ಯೂಸಿಯಮ್ಮು ಇದನ್ನು ರಾತ್‌ಶೀಲ್ಡ್ ಮನೆತನದಿಂದ ಕೊಂಡಿತು. 1990ರಲ್ಲಿ ಪ್ರಕಟವಾದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪರೀಕ್ಷೆ ಬಣ್ಣ ಬದಲಾಗುವ ಕಾರಣವನ್ನು ತೋರಿಸಿಕೊಟ್ಟಿತು. ಗಾಜಿನೊಳಗೆ ಬೆಳ್ಳಿ ಮತ್ತು ಚಿನ್ನ ಬೆರೆತ ಅತಿಸೂಕ್ಷ್ಮ ಕಣಗಳಿವೆ. ಅವುಗಳ ಅಡ್ಡಳತೆ 50ರಿಂದ 100 ನ್ಯಾನೊಮೀಟರ್. ಹತ್ತು ಲಕ್ಷ ಪಾಲು ಗಾಜಿನಲ್ಲಿ ಬೆಳ್ಳಿ ಸುಮಾರು 300 ಪಾಲು, ಚಿನ್ನ ಸುಮಾರು 40 ಪಾಲು. ಒಂದು ಕಿಲೋ ಗಾಜಿಗೆ ನಲವತ್ತು ಮಿಲಿಗ್ರಾಂ ಚಿನ್ನವಾಯಿತು, ಅಕ್ಕಿಕಾಳೊಂದರ ಎರಡು ಪಟ್ಟು ತೂಕದಷ್ಟು.

ಇಷ್ಟರಿಂದಲೇ ‘ರೋಮನ್ನರ ನ್ಯಾನೊ ತಂತ್ರಜ್ಞಾನ’ ಎಂಬ ಬಿರುದು ಹುಟ್ಟಿಕೊಂಡಿತು. ತಂತ್ರಜ್ಞಾನ ಎಂಬ ಮಾತಿಗೆ ಏನಾದರೂ ಅರ್ಥವಿದ್ದರೆ ಅದು ಹಿಡಿತ: ಬೇಕೆಂದಾಗ ಬೇಕಾದಂತೆ ಮಾಡಬಲ್ಲ ಹಿಡಿತ. ಈ ಗಾಜಿನಲ್ಲಿ ಅಂಥ ಹಿಡಿತದ ಗುರುತು ಸಿಗುವುದಿಲ್ಲ. ಹೀಗೆ ಎರಡು ಬಣ್ಣ ತೋರುವ ರೋಮನ್ ಗಾಜು ಇಡೀ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಅವುಗಳಲ್ಲಿ ಹೆಚ್ಚಿನವು ಚೂರುಗಳು. ಲೈಕರ್ಗಸ್ ಬಟ್ಟಲಿನಲ್ಲೇ ಬಣ್ಣ ಒಂದೇ ಸಮನಾಗಿಲ್ಲ. ದೊರೆಯ ಮೈಯ ಭಾಗ ಉಳಿದದ್ದಕ್ಕಿಂತ ಬೇರೆಯಾಗಿ ನೇರಳೆಯತ್ತ ತಿರುಗಿದೆ. ಬೆಳ್ಳಿ, ಚಿನ್ನದ ಪ್ರಮಾಣ ಒಂದಿಷ್ಟು ಹೆಚ್ಚುಕಡಿಮೆಯಾಗಿದ್ದರೂ, ಕುಲುಮೆಯ ಬಿಸಿ ಅಥವಾ ಒಳಗಿನ ಗಾಳಿ ಬದಲಾಗಿದ್ದರೂ ಈ ಬಣ್ಣ ಬರುತ್ತಿರಲಿಲ್ಲ. ಬಣ್ಣದ ಗಾಜು ಮಾಡುವವರು ಲೋಹದ ಪುಡಿಗಳನ್ನು ಬೆರೆಸುವ ಅಭ್ಯಾಸವುಳ್ಳವರೇ. ಹಾಗೆ ಬೆರೆಸುವಾಗ ಒಮ್ಮೆ ಒದಗಿ ಬಂದದ್ದನ್ನು ಕಣ್ಣಿಟ್ಟು ನೋಡಿ, ಮತ್ತೆ ತರಿಸಲು ಹೆಣಗಿ, ಕೆಲವು ಸಲ ಗೆದ್ದವರ ಕೆಲಸ ಇದು. ಅದೇನೂ ಸಣ್ಣ ಸಾಧನೆಯಲ್ಲ. ಆದರೆ ಆ ಕಣಗಳು ಇವೆ ಎಂಬುದೇ ಅವರಿಗೆ ತಿಳಿದಿರಲು ಸಾಧ್ಯವಿರಲಿಲ್ಲ. ಚಿನ್ನದ ಸೂಕ್ಷ್ಮ ಕಣಗಳು ಬೆಳಕಿನೊಡನೆ ಹೇಗೆ ವರ್ತಿಸುತ್ತವೆ ಎಂಬುದನ್ನು ವಿಜ್ಞಾನಿ ಫ್ಯಾರಡೆ ಅಧ್ಯಯನ ಮಾಡಿದ್ದು 1857ರಲ್ಲಿ. ಭೌತವಿಜ್ಞಾನಿ ಮೀ ಅದಕ್ಕೆ ಗಣಿತದ ವಿವರಣೆ ಕೊಟ್ಟಿದ್ದು 1908ರಲ್ಲಿ. ಹಾಲಿಗೆ ಹೆಪ್ಪು ಹಾಕುವವರೆಲ್ಲ ಸೂಕ್ಷ್ಮಜೀವಿ ವಿಜ್ಞಾನಿಗಳಾಗುವುದಿಲ್ಲ.

ಇನ್ನೂ ಒಂದು ತೊಡಕಿದೆ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಲೈಕರ್ಗಸ್ ಬಟ್ಟಲು ಕುಡಿಯುವ ಪಾತ್ರೆಯೇ ಹೌದೆಂದು ಹೇಳಲು ಆಧಾರ ಗಟ್ಟಿಯಾಗಿಲ್ಲ. ಈಗ ಅದಕ್ಕಿರುವ ಬೆಳ್ಳಿಯ ಕಾಲು ಮತ್ತು ಅಂಚುಪಟ್ಟಿ ಬಹಳ ಈಚಿನವು. ಅದೇ ಜಾತಿಯ, ಸುತ್ತಲೂ ಗಾಜಿನ ಬಲೆಯುಳ್ಳ ಜಾಲರಿ ಬಟ್ಟಲೊಂದು ಅಮೆರಿಕದ ಕಾರ್ನಿಂಗ್ ಗಾಜಿನ ಮ್ಯೂಸಿಯಮ್ಮಿನಲ್ಲಿದೆ. ಅದರ ಕತ್ತಿನಲ್ಲಿ ತೂಗುಹಾಕಲು ಕಂಚಿನ ಪಟ್ಟಿ ಉಳಿದುಕೊಂಡಿದೆ. ಅಂದರೆ ಅದು ತೂಗುದೀಪ. ಒಳಗೆ ಬೆಳಕಿದ್ದಾಗಲೇ ಕೆಂಪಗೆ ಉರಿಯುವ ಲೈಕರ್ಗಸ್ ಬಟ್ಟಲೂ ದೀಪವೇ ಆಗಿದ್ದರೆ ಅಚ್ಚರಿಪಡಬೇಕಾಗಿಲ್ಲ. ರೋಮನ್ ಪಾನಪಾತ್ರೆಗಳ ಪ್ರತಿನಿಧಿಯಾಗಿ ಮೆರೆಯುತ್ತಿರುವುದು ತುಟಿಗೆ ತಾಗಿತ್ತೋ ಇಲ್ಲವೋ ಎಂಬುದೇ ಖಚಿತವಿಲ್ಲದ ಪಾತ್ರೆ!

ಕಳೆದುಹೋದ ಗುಟ್ಟಿನ ಮಾತಿಗೆ ಇನ್ನೊಂದು ಬೇರೂ ಇದೆ, ಬಗ್ಗುವ ಗಾಜಿನ ಕಥೆ. ಚಕ್ರವರ್ತಿ ಟೈಬೀರಿಯಸನ ಕಾಲದಲ್ಲಿ ಒಬ್ಬ ಕುಶಲಿ ಒಡೆಯದ ಗಾಜನ್ನು ಕಂಡುಹಿಡಿದ, ಅದಕ್ಕಾಗಿ ಅವನನ್ನು ಮುಗಿಸಿಬಿಟ್ಟರು ಎಂದು ಇಂದಿಗೂ ಬರೆಯುವವರುಂಟು. ಮೂಲಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕಥೆ ಕಂತೆಯಾಗುತ್ತದೆ. ರೋಮನ್ ಲೇಖಕ ಪ್ಲಿನಿಯ ಪ್ರಕಾರ ನಾಶವಾದದ್ದು ಆ ಕುಶಲಿಯ ಕಾರ್ಯಾಗಾರ. ಅದನ್ನು ಹೇಳುತ್ತಲೇ ಅವನು, ಈ ಸುದ್ದಿ ಹಬ್ಬಿದಷ್ಟು ಖಚಿತವಲ್ಲ ಎಂಬ ಎಚ್ಚರಿಕೆಯನ್ನೂ ಕೊಡುತ್ತಾನೆ. ಪೆಟ್ರೋನಿಯಸನ ಹಾಸ್ಯಕೃತಿಯಲ್ಲಿ ಕುಶಲಿ ಬಟ್ಟಲನ್ನು ನೆಲಕ್ಕೆಸೆಯುತ್ತಾನೆ, ತಗ್ಗಾದ ಜಾಗವನ್ನು ಸುತ್ತಿಗೆಯಿಂದ ಸರಿಮಾಡುತ್ತಾನೆ, ಬಹುಮಾನಕ್ಕೆ ಕಾದು ನಿಂತವನ ತಲೆ ಹೋಗುತ್ತದೆ. ಸುಮಾರು ನೂರೈವತ್ತು ವರ್ಷಗಳ ಬಳಿಕ ಬರೆದ ಇತಿಹಾಸಕಾರ ಡಿಯೊ ಕಾಸಿಯಸನಲ್ಲಿ ಅವನು ವಾಲಿದ ಮಂಟಪವನ್ನು ನೆಟ್ಟಗೆ ಮಾಡಿ ಗಡೀಪಾರಾದ ಶಿಲ್ಪಿ. ಒಡೆದ ಪಾತ್ರೆಯನ್ನು ಬರಿಗೈಯಲ್ಲಿ ನೇವರಿಸಿ ಸರಿಮಾಡುತ್ತಾನೆ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ರೂಪ ತಾಳುವುದು ಹರಟೆಕಟ್ಟೆಯ ಸುದ್ದಿಯ ಸ್ವಭಾವ. ಅಂದಿನ ಸಾಮಗ್ರಿಯಲ್ಲಿ, ಅಂದರೆ ಮರಳು, ಸೋಡಾ, ಸುಣ್ಣಗಳಲ್ಲಿ, ಸುತ್ತಿಗೆಗೆ ಬಗ್ಗುವ ಗಾಜು ಆಗುವಂತಿಲ್ಲ. ಕಥೆಯಲ್ಲಿ ಗಮನಿಸಬೇಕಾದ ಅಂಶ ಬೇರೆ. ಪ್ಲಿನಿ ಮತ್ತು ಪೆಟ್ರೋನಿಯಸ್ ಇಬ್ಬರೂ ಕೊಡುವ ಕಾರಣ ಒಂದೇ: ಇಂಥ ಗಾಜು ಬಂದರೆ ಚಿನ್ನ, ಬೆಳ್ಳಿಯ ಬೆಲೆ ಬಿದ್ದುಹೋದೀತೆಂಬ ಭಯ. ಬೆಲೆಬಾಳುವ ಲೋಹವನ್ನು ಅಗ್ಗದ ವಸ್ತುವೊಂದು ಊಟದ ಕೋಣೆಯಿಂದ ಹೊರದಬ್ಬುವುದನ್ನು ಕಣ್ಣಾರೆ ಕಂಡ ಸಮಾಜದ ಅಳುಕು ಅದು.

ದಬ್ಬಿದ್ದು ನಿಜವೇ. ಕುಡಿಯುವುದಕ್ಕೆ ಚಿನ್ನ, ಬೆಳ್ಳಿಯ ಪಾತ್ರೆಗಳನ್ನು ಗಾಜು ಓಡಿಸಿಬಿಟ್ಟಿದೆ ಎಂದು ಪ್ಲಿನಿ ಕ್ರಿ.ಶ. 77ರ ಹೊತ್ತಿಗೆ ದಾಖಲಿಸಿದ. ಅದಕ್ಕೂ ಮೊದಲೇ, ಕ್ರಿಸ್ತಶಕ ಹುಟ್ಟುವ ಆಸುಪಾಸಿನಲ್ಲಿ, ಭೂಗೋಳಕಾರ ಸ್ಟ್ರೇಬೊ ರೋಮಿನಲ್ಲಿ ಗಾಜಿನ ಬಟ್ಟಲೋ ಲೋಟವೋ ಒಂದು ತಾಮ್ರದ ಕಾಸಿಗೆ ಸಿಗುತ್ತದೆ ಎಂದು ಬರೆದಿದ್ದ. ಪೆಟ್ರೋನಿಯಸನ ಹೊಸ ಸಿರಿವಂತ ಟ್ರಿಮಾಲ್ಕಿಯೊನಿಗಂತೂ ಇದೊಂದು ಪೇಚು. ಗಾಜಿಗೆ ಲೋಹದಂತೆ ವಾಸನೆ ಅಂಟುವುದಿಲ್ಲವೆಂದು ಅವನಿಗೆ ಇಷ್ಟ. ಒಡೆಯದಿದ್ದರೆ ಚಿನ್ನಕ್ಕಿಂತ ಮೇಲೆನ್ನುತ್ತಾನೆ. ಆದರೇನು, ಈಗ ತೀರಾ ಅಗ್ಗವಾಗಿಬಿಟ್ಟಿದೆಯಲ್ಲ ಎಂದು ಪೇಚಾಡುತ್ತಾನೆ. ಗಾಜು ಐಶ್ವರ್ಯದ ಗುರುತಾಗಿದ್ದರೆ ಈ ನಗೆಚಾಟಿಕೆಗೆ ನಗುವವರೇ ಇರುತ್ತಿರಲಿಲ್ಲ.

ಎದುರುವಾದಿಗಳ ಕೈಯಲ್ಲೂ ಪ್ಲಿನಿಯ ಸಾಲುಗಳಿವೆ. ನೀರೋನ ಕಾಲದಲ್ಲಿ ಎರಡು ಪುಟ್ಟ ಗಾಜಿನ ಬಟ್ಟಲುಗಳು 6,000 ಸೆಸ್ಟರ್ಸ್ ನಾಣ್ಯಕ್ಕೆ ಮಾರಾಟವಾದವೆಂದು ಅವನೇ ಹೇಳುತ್ತಾನೆ. ಬಣ್ಣವಿಲ್ಲದೆ ಸ್ಫಟಿಕದಂತೆ ತಿಳಿಯಾದ ಗಾಜಿಗೆ ಹೆಚ್ಚಿನ ಬೆಲೆಯಿತ್ತು ಎಂಬುದೂ ಅವನ ಮಾತೇ. ಇವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಎರಡು ಬಟ್ಟಲುಗಳ ಬೆಲೆ ಸುದ್ದಿಯಾಗಿ ಪುಸ್ತಕ ಸೇರಿದ್ದೇಕೆ? ಅದು ಮಾಮೂಲಿನದಲ್ಲ ಎಂಬುದಕ್ಕೇ. ದುಬಾರಿ ಗಾಜಿನ ಪುರಾವೆಯೆಂದು ಆಗಾಗ ಎಳೆದು ತರುವ ಸಿರಿವಂತ ವೇಡಿಯಸ್ ಪೊಲ್ಲಿಯೊನ ಪ್ರಸಂಗವೂ ಗಟ್ಟಿ ನಿಲ್ಲುವುದಿಲ್ಲ. ಚಕ್ರವರ್ತಿ ಆಗಸ್ಟಸ್ ಊಟಕ್ಕೆ ಕುಳಿತಿದ್ದಾಗ ಒಬ್ಬ ಗುಲಾಮ ಬಟ್ಟಲು ಒಡೆದ. ಅವನನ್ನು ಕೊಳದ ಮೀನುಗಳಿಗೆ ಎಸೆಯಲು ಪೊಲ್ಲಿಯೊ ಅಪ್ಪಣೆ ಮಾಡಿದ. ಆಗಸ್ಟಸ್ ಮನೆಯ ಅಂಥ ಬಟ್ಟಲುಗಳನ್ನೆಲ್ಲ ಒಡೆಸಿ ಕೊಳ ತುಂಬಿಸಿದ. ತತ್ತ್ವಜ್ಞಾನಿ ಸೆನೆಕ ಹೇಳುವ ಈ ಕಥೆಯಲ್ಲಿ ಒಡೆದದ್ದು ಸ್ಫಟಿಕದ ಪಾತ್ರೆ. ಆ ಪದವನ್ನು ರೋಮನ್ನರು ಮೊದಲಿಗೆ ಬಳಸುತ್ತಿದ್ದುದು ಕಲ್ಲಿನಲ್ಲಿ ಕೊರೆದ ಸ್ಫಟಿಕಕ್ಕೆ. ಅದನ್ನು ಗಾಜಿನ ಲೆಕ್ಕಕ್ಕೆ ಬರೆದುಕೊಳ್ಳುವುದು ಅವಸರ.

ಬೆಲೆಯ ವಿಚಾರಕ್ಕೆ ಲೇಖಕರ ಮಾತನ್ನೇ ನೆಚ್ಚಿಕೊಳ್ಳಬೇಕಾಗಿಲ್ಲ, ಲೆಕ್ಕಪತ್ರವೇ ಇದೆ. ಕ್ರಿ.ಶ. 301ರಲ್ಲಿ ಡಯೊಕ್ಲೀಷಿಯನ್ ಚಕ್ರವರ್ತಿ ಹೊರಡಿಸಿದ ಬೆಲೆ ಶಾಸನ ಸಾಮಾನುಗಳಿಗೂ ಕೂಲಿಗೂ ಗರಿಷ್ಠ ದರ ಗೊತ್ತುಮಾಡುತ್ತದೆ. ಅದರಲ್ಲಿ ಗಾಜು ತೂಕದ ಸರಕು. ಅಂಗಡಿಯಲ್ಲಿ ಬೆಲ್ಲ ತೂಗಿದ ಹಾಗೆ ಅದನ್ನು ಪೌಂಡಿನ ಲೆಕ್ಕದಲ್ಲಿ ತೂಗುತ್ತಾರೆ. ಅಲೆಗ್ಸಾಂಡ್ರಿಯದ ಗಾಜು ಪೌಂಡಿಗೆ 24 ದಿನಾರಿಯಸ್, ಜೂಡಿಯದ ಹಸಿರುಛಾಯೆಯ ಗಾಜು 13. ಅಲೆಗ್ಸಾಂಡ್ರಿಯದ ಗಾಜಿನಿಂದ ಮಾಡಿದ ಲೋಟ ಮತ್ತು ನುಣುಪು ಪಾತ್ರೆಗಳು ಪೌಂಡಿಗೆ 30, ಜೂಡಿಯದವು 20. ಕಳೆದು ನೋಡಿದರೆ ಕಚ್ಚಾ ಗಾಜನ್ನು ಲೋಟವಾಗಿಸುವ ಇಡೀ ಕೈಚಳಕಕ್ಕೆ, ಕುಲುಮೆಯ ಸೌದೆಯೂ ಸೇರಿ, ಒಂದು ಪೌಂಡಿಗೆ ಸಿಗುತ್ತಿದ್ದುದು ಆರೇಳು ದಿನಾರಿಯಸ್. ಅದೇ ಶಾಸನದಲ್ಲಿ ಹೊಲದ ಕೂಲಿಯಾಳಿನ ದಿನಗೂಲಿ ಊಟದ ಮೇಲೆ 25 ದಿನಾರಿಯಸ್. ಕ್ಷೌರಕ್ಕೆ ತಲೆಗೆ 2.

ರೋಮನ್ ಪೌಂಡು ಸುಮಾರು 327 ಗ್ರಾಂ. ತೆಳುವಾದ ಲೋಟವೊಂದು ನೂರು ಗ್ರಾಂ ತೂಗುತ್ತದೆಂದು ಇಟ್ಟುಕೊಂಡರೆ ಜೂಡಿಯದ ಗಾಜಿನಲ್ಲಿ ಅದರ ಬೆಲೆ ಆರು ದಿನಾರಿಯಸ್. ಅದರಲ್ಲಿ ಸುರಿಯುವ ಮದ್ಯಕ್ಕೂ ಅದೇ ಶಾಸನದಲ್ಲಿ ದರವಿದೆ: ತೀರಾ ಸಾಧಾರಣವಾದದ್ದು ಅರ್ಧ ಲೀಟರಿಗೆ 8 ದಿನಾರಿಯಸ್, ಹೆಸರಾಂತ ಫಲೆರ್ನಿಯಂ ಮದ್ಯಕ್ಕೆ 30. ಅಂದರೆ ಅರ್ಧ ಲೀಟರ್ ಸಾಧಾರಣ ಮದ್ಯಕ್ಕಿಂತಲೂ ಲೋಟ ಸೋವಿ. ಗರಿಷ್ಠ ದರದ ಪಟ್ಟಿ ಪೇಟೆಯ ನಿಜವಾದ ದರವಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಕೂಲಿ, ಮದ್ಯ, ಗಾಜು ಮೂರೂ ಒಂದೇ ಪಟ್ಟಿಯಲ್ಲಿ, ಒಂದೇ ಕೈಯಿಂದ ಬಂದಿರುವಾಗ ಅವುಗಳ ನಡುವಿನ ಅನುಪಾತವನ್ನು ತಳ್ಳಿಹಾಕಲಾಗದು. ಗಾಜು ಅರಮನೆಯ ಸೊತ್ತು ಎನ್ನುವವರು ಈ ಪಟ್ಟಿಯ ಮುಂದೆ ಉತ್ತರ ಹೇಳಬೇಕು.

ಈ ಅಗ್ಗತನಕ್ಕೆ ಮೂಲ ಒಂದು ಕೊಳವೆ. ಅದಕ್ಕೂ ಮೊದಲು ಗಾಜಿನ ಪಾತ್ರೆಯನ್ನು ಮಣ್ಣಿನ ತಿರುಳಿನ ಸುತ್ತ ಸುತ್ತಿ ಇಲ್ಲವೆ ಅಚ್ಚಿನ ಮೇಲೆ ಇಳಿಬಿಟ್ಟು, ಬಳಿಕ ಸಾಣೆ ಹಿಡಿದು ಮಾಡಬೇಕಿತ್ತು. ಕೆಲಸ ನಿಧಾನ, ಗಾಜು ದಪ್ಪ. ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ ಪೂರ್ವ ಮೆಡಿಟರೇನಿಯನ್ ಕರಾವಳಿಯ ಕಡೆ ಊದುವ ಕೆಲಸ ಹುಟ್ಟಿತು. ಅದರ ಮೊದಲ ಹೆಜ್ಜೆಗಳು ಸಿಕ್ಕಿದ್ದು ಕಸದಲ್ಲಿ. ಜೆರುಸಲೆಮ್ಮಿನ ಯೆಹೂದಿ ಬೀದಿಯಲ್ಲಿ ನಹ್ಮಾನ್ ಅವಿಗಾದ್ 1969ರಿಂದ 1982ರವರೆಗೆ ನಡೆಸಿದ ಉತ್ಖನನದಲ್ಲಿ, ಶುದ್ಧಿಸ್ನಾನದ ಹಳೆಯ ಕೊಳವೊಂದನ್ನು ತುಂಬಿಸಲು ಸುರಿದಿದ್ದ ಗಾಜುಗೆಲಸದ ತ್ಯಾಜ್ಯ ದೊರಕಿತು. ಗಾಜಿನದೇ ನಳಿಗೆಯ ಒಂದು ತುದಿಯನ್ನು ಚಿವುಟಿ ಮುಚ್ಚಿ, ಇನ್ನೊಂದು ತುದಿಯಿಂದ ಊದಿ ಉಬ್ಬಿಸಿದ ಅರೆಬರೆ ತುಂಡುಗಳು ಅಲ್ಲಿದ್ದವು. ಮಹಾಶೋಧವೆಂದು ಈಗ ಕೊಂಡಾಡುವುದು ತನ್ನ ಕಾಲದಲ್ಲಿ ಯಾವನೋ ಕೆಲಸಗಾರನ ಮೂಲೆಯ ಪ್ರಯೋಗವಾಗಿತ್ತು. ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ.

ಕೊಳವೆ ಕೈಗೆ ಬಂದ ಮೇಲೆ ಲೋಟ ಮಾಡುವುದು ನಿಮಿಷಗಳ ಕೆಲಸವಾಯಿತು. ಕರಗಿದ ಗಾಜಿನ ಮುದ್ದೆಯನ್ನು ಕೊಳವೆಯ ತುದಿಗೆ ಸುತ್ತಿಕೊಂಡು, ನಯವಾದ ಕಲ್ಲಿನ ಮೇಲೆ ಹೊರಳಿಸಿ, ತಿರುಗಿಸುತ್ತಲೇ ಊದುತ್ತಾರೆ. ತಿರುಗಿಸುವುದು ನಿಂತರೆ ಮುದ್ದೆ ಒಂದು ಕಡೆ ಜೋತುಬೀಳುತ್ತದೆ. ತಳವನ್ನು ಒತ್ತಿ ಚಪ್ಪಟೆ ಮಾಡಿ, ಆರಿದ ಮೇಲೆ ಕೊಳವೆಯ ಬಳಿ ಗೀಚಿ ತಟ್ಟಿದರೆ ಪಾತ್ರೆ ಕಳಚಿಕೊಳ್ಳುತ್ತದೆ. ಹಾಗೆ ಕಳಚಿದ ಅಂಚೇ ಲೋಟದ ಬಾಯಿ. ಮೊದಲ ಶತಮಾನದ ಲೋಟಗಳಲ್ಲಿ ಈ ಅಂಚನ್ನು ಸಾಣೆ ಹಿಡಿದೋ ಮತ್ತೆ ಬೆಂಕಿಗೊಡ್ಡಿಯೋ ನಯ ಮಾಡಿರುವುದು ಕಾಣುತ್ತದೆ. 4ನೆಯ ಶತಮಾನದ ಎಷ್ಟೋ ಶಂಕುವಿನಾಕಾರದ ಲೋಟಗಳಲ್ಲಿ ಅಷ್ಟೂ ಇಲ್ಲ. ಮುರಿದ ಅಂಚು ಮುರಿದಂತೆಯೇ ಇದೆ, ಬೆರಳಾಡಿಸಿದರೆ ಚುಚ್ಚುತ್ತದೆ. ತುಟಿಗೆ ತಾಗುವ ಜಾಗವನ್ನೇ ಒರಟಾಗಿ ಬಿಟ್ಟದ್ದು ಕೈ ಬಾರದೆ ಅಲ್ಲ. ಅಂಚನ್ನು ತೀಡಲು ತಗಲುವ ಹೊತ್ತಿಗೆ ಇನ್ನೊಂದು ಲೋಟ ಊದಬಹುದಿತ್ತು. ಪ್ರದರ್ಶನದ ಗಾಜಿನ ಪೆಟ್ಟಿಗೆಯಲ್ಲಿ ಈ ಲೋಟಗಳಿಗೆ ಜಾಗ ಸಿಗುವುದು ಕಡಿಮೆ. ಸಿಕ್ಕರೂ ಎತ್ತರಕ್ಕಿಟ್ಟು, ಅಂಚು ಕಾಣದ ಹಾಗೆ.

ಮಹಾಕುಶಲಿಯ ಗುಟ್ಟು ಎಂಬ ಮಾತು ಕಚ್ಚಾ ಗಾಜಿನ ಮುಂದೆ ಇನ್ನಷ್ಟು ಸಡಿಲವಾಗುತ್ತದೆ. ಗಾಜಿನ ಪಾತ್ರೆ ಊದುತ್ತಿದ್ದ ರೋಮನ್ ಕೆಲಸಗಾರರಲ್ಲಿ ಹೆಚ್ಚಿನವರು ಗಾಜನ್ನು ಮಾಡುತ್ತಲೇ ಇರಲಿಲ್ಲ. ಮರಳನ್ನೂ ಈಜಿಪ್ಟಿನ ವಾದಿ ನಾತ್ರೂನಿನಂಥ ಕೆರೆಪಾತ್ರಗಳಲ್ಲಿ ಸಿಗುವ ನ್ಯಾಟ್ರಾನ್ ಎಂಬ ಸೋಡಾ ಉಪ್ಪನ್ನೂ ಬೆರೆಸಿ, ಸಿರಿಯಾ–ಪ್ಯಾಲೆಸ್ಟೈನ್ ಕರಾವಳಿಯಲ್ಲೂ ಈಜಿಪ್ಟಿನಲ್ಲೂ ದೊಡ್ಡ ತೊಟ್ಟಿಕುಲುಮೆಗಳಲ್ಲಿ ದಿನಗಟ್ಟಲೆ ಕಾಯಿಸುತ್ತಿದ್ದರು. ಮರಳಿನಲ್ಲೇ ಇರುವ ಕಪ್ಪೆಚಿಪ್ಪಿನ ಚೂರು ಸುಣ್ಣವನ್ನು ಒದಗಿಸುತ್ತಿತ್ತು. ಆರಿದ ಗಾಜುಬಂಡೆಯನ್ನು ಒಡೆದು, ಗಟ್ಟಿಗಳನ್ನಾಗಿ ಹಡಗಿಗೆ ಹೇರುತ್ತಿದ್ದರು. ಫ್ರಾನ್ಸಿನ ದಕ್ಷಿಣ ತೀರದಲ್ಲಿ ಎಂಬಿಯೆ ದ್ವೀಪದ ಬಳಿ ಮುಳುಗಿದ, 2–3ನೆಯ ಶತಮಾನಗಳ ನಡುವಿನ ಹಡಗೊಂದರಲ್ಲಿ ಇಂಥ ಕಚ್ಚಾ ಗಾಜು ಟನ್ನುಗಟ್ಟಲೆ ಇತ್ತು. ಇದರ ಅಳತೆಯ ಅಂದಾಜು ಬೇಕಿದ್ದರೆ, ರೋಮನ್ ಕಾಲ ಕಳೆದ ಮೇಲಿನದ್ದಾದರೂ, ಇಸ್ರೇಲಿನ ಬೆತ್ ಶಿಯಾರಿಮ್‌ನಲ್ಲಿ ಕೆಟ್ಟುಹೋಯಿತೆಂದು ಬಿಟ್ಟುಹೋದ ಗಾಜುಬಂಡೆಯನ್ನು ನೋಡಬಹುದು: ಉದ್ದ ಮೂರು ಮೀಟರಿಗೂ ಮಿಕ್ಕಿ, ತೂಕ ಒಂಬತ್ತು ಟನ್ನಿನ ಹತ್ತಿರ. ರೈನ್ ನದಿಯ ದಂಡೆಯಲ್ಲೋ ಥೇಮ್ಸ್ ತೀರದಲ್ಲೋ ಕೂತು ಊದುತ್ತಿದ್ದವನು ಇಂಥ ಬಂಡೆಯ ಗಟ್ಟಿಗಳನ್ನು ಕೊಂಡು ಮತ್ತೆ ಕರಗಿಸುತ್ತಿದ್ದ, ಅಷ್ಟೆ. ಅವನ ಬಳಿ ಬಚ್ಚಿಡಲು ಸೂತ್ರವೇ ಇರಲಿಲ್ಲ.

ಗಾಜಿನ ಹುಟ್ಟಿನ ಬಗ್ಗೆ ಪ್ಲಿನಿ ಹೇಳುವ ಇನ್ನೊಂದು ಕಥೆ ಪಠ್ಯಪುಸ್ತಕಗಳಲ್ಲಿ ಇನ್ನೂ ಜೀವ ಹಿಡಿದುಕೊಂಡಿದೆ. ನ್ಯಾಟ್ರಾನ್ ಸಾಗಿಸುತ್ತಿದ್ದ ವರ್ತಕರು ಬೇಲುಸ್ ನದಿಯ ಮರಳದಂಡೆಯಲ್ಲಿ ಒಲೆಗೆ ಕಲ್ಲು ಸಿಗದೆ ನ್ಯಾಟ್ರಾನಿನ ಗಡ್ಡೆಗಳನ್ನೇ ಇಟ್ಟು ಅಡುಗೆ ಮಾಡಿದರಂತೆ, ಗಾಜು ಹರಿಯಿತಂತೆ. ಬಯಲಿನ ಒಲೆಗೆ ಅಷ್ಟು ಬಿಸಿ ಎಲ್ಲಿಂದ ಬರಬೇಕು? ರೋಮನ್ ಮಾದರಿಯ ಕುಲುಮೆಗಳನ್ನು 2005 ಮತ್ತು 2006ರಲ್ಲಿ ಇಂಗ್ಲೆಂಡಿನ ಹ್ಯಾಂಪ್‌ಷೈರಿನಲ್ಲಿ ಮಣ್ಣಿನಿಂದ ಕಟ್ಟಿ, ಸೌದೆಯಲ್ಲೇ ಉರಿಸಿ ನೋಡಿದ್ದುಂಟು. ಸಾವಿರ ಡಿಗ್ರಿಯ ಆಚೀಚೆ ಬಿಸಿ ಹಿಡಿದಿಡಲು ಮುಚ್ಚಿದ ಗೂಡು ಬೇಕು, ಹಗಲಿರುಳು ಸೌದೆ ಒಟ್ಟುವವರು ಬೇಕು.

ಇಷ್ಟು ಅಗ್ಗದ ಸರಕು ಅಷ್ಟೊಂದು ಇದ್ದಿದ್ದರೆ ಎಲ್ಲಿ ಹೋಯಿತು ಎಂಬ ಪ್ರಶ್ನೆ ಸಹಜ. ಗುಜರಿಗೆ ಹೋಯಿತು. ಕವಿ ಮಾರ್ಷಿಯಲ್ ಒಬ್ಬನನ್ನು ಗೇಲಿ ಮಾಡುವಾಗ ಟೈಬರ್ ನದಿಯಾಚೆಯ ಬೀದಿವ್ಯಾಪಾರಿಗೆ ಹೋಲಿಸುತ್ತಾನೆ: ಒಡೆದ ಗಾಜು ಪಡೆದು ಬದಲಿಗೆ ಗಂಧಕ ಸವರಿದ ಕಡ್ಡಿ ಕೊಡುವವನು. ಜುವೆನಲ್‌ನ ವಿಡಂಬನೆಯಲ್ಲಿ ಸಿರಿವಂತನ ಪಂಕ್ತಿಯ ಕೊನೆಗೆ ಕೂತ ಬಡ ಅತಿಥಿಗೆ ಸಿಗುವುದು ಬಿರುಕುಬಿಟ್ಟ ಲೋಟ. ಗಂಧಕದ ಕಡ್ಡಿಗೆ ಕೊಟ್ಟುಬಿಡಬೇಕಾದ ಸ್ಥಿತಿಯದು. ಇಟಲಿಯ ಗ್ರಾದೊ ಬಳಿ ಮುಳುಗಿದ ಯೂಲಿಯಾ ಫೆಲಿಕ್ಸ್ ಎಂದು ಹೆಸರಿಟ್ಟಿರುವ ಹಡಗಿನಲ್ಲಿ ಮರದ ಪೀಪಾಯಿಯೊಂದರ ತುಂಬ ಒಡೆದ ಗಾಜಿತ್ತು, ಸುಮಾರು 140 ಕಿಲೋ. ಲೋಟ, ಬಟ್ಟಲು, ಸೀಸೆಗಳ ಚೂರುಗಳನ್ನು ಯಾರೋ ಮನೆಮನೆಯಿಂದ ಸೇರಿಸಿ, ಕರಗಿಸುವವರಿಗೆ ಮಾರಲು ಕಡಲಿನ ಮೇಲೆ ಕಳಿಸಿದ್ದರು. ಗಾಜನ್ನು ಎಷ್ಟು ಸಲ ಬೇಕಾದರೂ ಕರಗಿಸಬಹುದು. ಅದಕ್ಕೆಂದೇ ಹಾದಿಬೀದಿಯ ಲೋಟ ನೆಲದಲ್ಲಿ ಉಳಿಯಲಿಲ್ಲ. ಉಳಿದದ್ದು ಸತ್ತವರ ಜೊತೆ ಗೋರಿಯಲ್ಲಿಟ್ಟದ್ದು, ಜೋಪಾನ ಮಾಡಿದ್ದು. ಸಂಗ್ರಹಾಲಯ ಕೂಡಿಟ್ಟದ್ದನ್ನೇ ಕಾಲದ ಕನ್ನಡಿಯೆಂದು ತಿಳಿದರೆ ಬೆಲೆಯುಳ್ಳದ್ದಷ್ಟೇ ಕಂಡು, ಬೆಲೆಯಿಲ್ಲದ್ದು ಕಣ್ಮರೆಯಾಗುತ್ತದೆ. ಗೋರಿಗಳಲ್ಲೂ, ಕೊಲೋನ್ ನಗರದ ಸುತ್ತಣ ಸ್ಮಶಾನಗಳನ್ನು ನೋಡಿದರೆ, ಸರಳ ಲೋಟಗಳೇ ಹೆಚ್ಚು ಎಂಬುದು ಬೇರೆ ಮಾತು.

ಉಳಿದ ಲೋಟಗಳನ್ನೂ ಕಣ್ಣು ತಪ್ಪಾಗಿಯೇ ಓದುತ್ತದೆ. ರೋಮನ್ ಗಾಜೆಂದರೆ ನವಿಲುಗರಿಯ ಹಾಗೆ ನೀಲಿ, ಹಸಿರು, ಹೊಂಬಣ್ಣ ಮಿನುಗುವ ಮೈ ಎಂದು ನಂಬಿದವರು ಬಹಳ. ಪ್ರಾಚೀನ ವಸ್ತುಗಳ ವ್ಯಾಪಾರದಲ್ಲಿ ಆ ಮಿನುಗಿಗೇ ಬೆಲೆ. ಆ ಮಿನುಗು ರೋಮನ್ ಕುಶಲಿಯದಲ್ಲ, ಮಣ್ಣಿನ ತೇವದ್ದು. ನೆಲದಲ್ಲಿ ಹೂತ ಗಾಜಿನ ಮೇಲ್ಮೈಯಿಂದ ಶತಮಾನಗಳ ಕಾಲ ಸೋಡಾ ತೊಳೆದು ಹೋಗುತ್ತದೆ, ಈರುಳ್ಳಿಯಂತೆ ತೆಳು ಪದರಗಳೇಳುತ್ತವೆ, ಪದರಗಳ ನಡುವೆ ಬೆಳಕು ಒಡೆದು ಬಣ್ಣ ತೋರುತ್ತದೆ. ಸೋಪಿನ ಗುಳ್ಳೆಯ ಬಣ್ಣವೂ ಇದೇ ಬಗೆಯದು. ಅದೊಂದು ರೋಗ, ಉಜ್ಜಿದರೆ ಸಿಪ್ಪೆಯಾಗಿ ಉದುರುತ್ತದೆ. 1890ರ ದಶಕದಲ್ಲಿ ನ್ಯೂಯಾರ್ಕಿನ ಗಾಜುಕಲಾವಿದ ಟಿಫನಿ ಈ ರೋಗದ ಅಂದಕ್ಕೆ ಮನಸೋತು ಅದನ್ನು ರಾಸಾಯನಿಕ ಹೊಗೆಯಿಂದ ಬೇಕೆಂದೇ ತರಿಸಿ, ಫಾವ್ರೈಲ್ ಎಂದು ಹೆಸರಿಟ್ಟು ಮಾರಿದ. ಮೂಲ ಲೋಟವನ್ನು ಮಾಡಿದವನು, ಕೊಂಡವನು ಬಯಸಿದ್ದು ಇದಕ್ಕೆ ತಿರುಗುಮುರುಗು. ಮರಳಿನಲ್ಲಿರುವ ಕಬ್ಬಿಣ ಗಾಜಿಗೆ ಹಸಿರು ತರುತ್ತದೆಂದು ಆಂಟಿಮನಿಯನ್ನೋ ಮ್ಯಾಂಗನೀಸನ್ನೋ ಬೆರೆಸಿ, ನೀರಿನಂತೆ ತಿಳಿಯಾಗಿಸಲು ಅವರು ಪಟ್ಟ ಪಾಡು ರಾಸಾಯನಿಕ ಪರೀಕ್ಷೆಗಳಲ್ಲಿ ದಾಖಲಾಗಿದೆ. 2ನೆಯ ಶತಮಾನದ ಕೊನೆಯಿಂದ 3ನೆಯ ಶತಮಾನದ ಮೊದಲರ್ಧದವರೆಗೆ ಬ್ರಿಟನ್ನಿನಲ್ಲೂ ರೈನ್ ಪ್ರಾಂತ್ಯದಲ್ಲೂ ಎಲ್ಲೆಡೆ ಸಿಗುವ ಗಿಡ್ಡ ಕೊಳವೆಯಾಕಾರದ ಲೋಟ ಹೀಗೆ ಬಣ್ಣ ತೆಗೆದ ಗಾಜಿನದು. ಒಳಗಿನ ಮದ್ಯದ ಬಣ್ಣ ಕಾಣಲೆಂದೇ ಅದು ಇದ್ದುದು.

ಕಲಾವಿದನ ಸಹಿ ಎಂದು ತೋರಿಸುವ ಹೆಸರುಗಳ ವಿಚಾರವೂ ಇಷ್ಟೇ. ಮೊದಲ ಶತಮಾನದ ಆರಂಭದಲ್ಲಿ ಎನ್ನಿಯೋನ್ ಎಂಬವನ ಹೆಸರು ಅಚ್ಚಿನಲ್ಲಿ ಊದಿದ ಲೋಟ, ಹೂಜಿಗಳ ಮೇಲೆ ಗ್ರೀಕ್ ಅಕ್ಷರಗಳಲ್ಲಿ ಬರುತ್ತದೆ. 2014ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮು ಅವನ ಹೆಸರಿನಲ್ಲೇ ಪ್ರದರ್ಶನ ಏರ್ಪಡಿಸಿ, ಅವನನ್ನು ಗಾಜಿನ ಮಹಾಗುರುವೆಂದು ಕರೆಯಿತು. ಅಚ್ಚು ಕೊರೆದ ಕೈ ನಿಜಕ್ಕೂ ನಿಪುಣ. ಆದರೆ ಹೆಸರು ಇರುವುದು ಅಚ್ಚಿನಲ್ಲಿ. ಆ ಅಚ್ಚಿಗೆ ಯಾರು ಊದಿದರೂ ಅದೇ ಹೆಸರು ಮೂಡುತ್ತದೆ. ಅದರ ಎದುರು ಬದಿಯಲ್ಲಿ ಕೊಂಡವರಿಗೆ ಶುಭ ಹಾರೈಸುವ ಮಾತು ಬೇರೆ. ಇದಕ್ಕೆ ಪೇಟೆಯ ಭಾಷೆಯಲ್ಲಿ ಮಾರ್ಕು ಎನ್ನುತ್ತಾರೆ. ಆಸ್ಟ್ರಿಯದ ಲಿಂಟ್ಸ್‌ನಲ್ಲಿ ಸಿಕ್ಕ ಸೀಸೆಗಳ ತಳದಲ್ಲಿ ಅಕ್ವಿಲೆಯಾ ಊರಿನ ಸೆಂಟಿಯಾ ಸೆಕುಂಡಾ ಎಂಬ ಹೆಂಗಸಿನ ಹೆಸರು ಇದೇ ರೀತಿ ಒತ್ತಿದೆ; ಅವಳನ್ನು ಯಾರೂ ಮಹಾಗುರು ಎಂದು ಕರೆದಿಲ್ಲ, ಸೀಸೆ ಅಂದವಾಗಿಲ್ಲವಲ್ಲ. ರಥದೋಟ, ಕತ್ತಿಕಾಳಗಗಳ ಚಿತ್ರವನ್ನೂ ಗೆದ್ದವರ, ಸೋತವರ ಹೆಸರುಗಳನ್ನೂ ಅಚ್ಚೊತ್ತಿದ ಲೋಟಗಳು ಗಾಲ್ ಮತ್ತು ಬ್ರಿಟನ್ನಿನ ಉದ್ದಗಲಕ್ಕೂ ಸಿಗುತ್ತವೆ. ಜಾತ್ರೆಯಲ್ಲಿ ಕೊಂಡ ಸಾಮಾನಿನ ಸಾಲಿಗೆ ಸೇರಿದ ಇವು ಕಲೆಯ ಇತಿಹಾಸದ ಪುಸ್ತಕಗಳಲ್ಲಿ ಅಡಿಟಿಪ್ಪಣಿಯಾಗುತ್ತವೆ.

ಭಾರತದ ಜೊತೆಗಿನ ವ್ಯಾಪಾರವೂ ಇದೇ ಕಡೆ ಕೈ ತೋರಿಸುತ್ತದೆ. ಪುದುಚೇರಿ ಬಳಿಯ ಅರಿಕಮೇಡಿನಲ್ಲೂ ಕೇರಳದ ಪಟ್ಟಣಂನಲ್ಲೂ ಏಣುಪಟ್ಟಿಯ ರೋಮನ್ ಬಟ್ಟಲುಗಳ ಚೂರು ಸಿಕ್ಕಿವೆ. ಈ ಏಣುಬಟ್ಟಲು ಸಾಮ್ರಾಜ್ಯದಲ್ಲಿ ಅತಿ ಸಾಮಾನ್ಯವಾದ ಮಾದರಿ; ಬ್ರಿಟನ್ನಿನ ಸೈನಿಕರ ಬಿಡಾರಗಳಲ್ಲೂ ಅದು ರಾಶಿ ಸಿಗುತ್ತದೆ. ಮೊದಲ ಶತಮಾನದ ಗ್ರೀಕ್ ನಾವಿಕರ ಕೈಪಿಡಿ ‘ಪೆರಿಪ್ಲಸ್’ ಭರೂಚಿಗೂ ಮಲಬಾರಿನ ಮುಜಿರಿಸ್ ಕಡೆಗೂ ಬರುತ್ತಿದ್ದ ಸರಕುಗಳ ಪಟ್ಟಿಯಲ್ಲಿ ಕಚ್ಚಾ ಗಾಜನ್ನು ಹೆಸರಿಸುತ್ತದೆ. ಹಡಗಿನ ತಳದಲ್ಲಿ ಬಂದ ಗಟ್ಟಿ ಅದು, ಇಲ್ಲಿನ ಕುಲುಮೆಗಳಿಗೆಂದು. ಅಫ್ಘಾನಿಸ್ತಾನದ ಬೇಗ್ರಾಮಿನಲ್ಲಿ 1930ರ ದಶಕದ ಕೊನೆಗೆ ಸಿಕ್ಕ ಬಣ್ಣದ ಚಿತ್ರಗಳ ಲೋಟಗಳು ಬಲು ಸುಂದರ, ಬಲು ಅಪರೂಪ. ಲೇಖನಗಳಿಗೆ ಚಿತ್ರ ಬೇಕಾದಾಗ ಅವೇ ಅಚ್ಚಾಗುತ್ತವೆ.

ಉಳಿದದ್ದು ಜಾಲರಿ ಬಟ್ಟಲು. ಎದುರುವಾದಿಗಳ ಕೊನೆಯ ಕೋಟೆ. ಒಳಗಿನ ಬಟ್ಟಲಿನ ಸುತ್ತ, ಅದಕ್ಕೆ ಕೆಲವೇ ಸಣ್ಣ ಕಂಬಗಳಿಂದ ಅಂಟಿಕೊಂಡು ನಿಂತ ಗಾಜಿನ ಬಲೆ. ದಪ್ಪ ಗಾಜಿನ ಬಟ್ಟಲನ್ನು ತೆಗೆದುಕೊಂಡು, ತಿಂಗಳುಗಟ್ಟಲೆ ಸಾಣೆಚಕ್ರದಲ್ಲಿ ಕೊರೆದು ತೆಗೆದದ್ದೆಂದು ಬಹುಪಾಲು ತಜ್ಞರು ಒಪ್ಪುತ್ತಾರೆ. ಕೊಲೋನಿನ ಬ್ರೌನ್ಸ್‌ಫೆಲ್ಡ್ ಬಡಾವಣೆಯಲ್ಲಿ 1960ರಲ್ಲಿ ಅಗೆದಾಗ ಸಿಕ್ಕ ಬಟ್ಟಲು, ಮಿಲಾನಿನ ಟ್ರಿವುಲ್ಜಿಯೊ ಬಟ್ಟಲು ಇವೆಲ್ಲ ಈ ಜಾತಿಯವು. ಇವು ದುಬಾರಿ ಎಂಬುದರಲ್ಲಿ ಎರಡು ಮಾತಿಲ್ಲ. ಇವನ್ನು ಮಾಡಿದವರಿಗೆ ಲ್ಯಾಟಿನಿನಲ್ಲಿ ಬೇರೆಯೇ ಹೆಸರಿತ್ತು, ಕ್ರಿ.ಶ. 337ರ ಸಾಮ್ರಾಜ್ಯದ ಕಟ್ಟಳೆಯೊಂದು ಊರಿನ ಬಿಟ್ಟಿ ಹೊಣೆಗಳಿಂದ ವಿನಾಯಿತಿ ಪಡೆದ ಕಸಬುಗಳನ್ನು ಪಟ್ಟಿಮಾಡುವಾಗ ಗಾಜುಗಾರರನ್ನು ಒಂದು ಕಡೆ, ಈ ಕೊರೆತಗಾರರನ್ನು ಇನ್ನೊಂದು ಕಡೆ ಹೆಸರಿಸುತ್ತದೆ. ಅಂದರೆ ಗಾಜಿನ ವಿದ್ಯೆ ಬೇರೆ, ಅದರ ಮೇಲಿನ ಕೊರೆತ ಬೇರೆ. ಎರಡನೆಯದು ರತ್ನದ ಸಾಣೆಗೆ ಹತ್ತಿರದ್ದು. ಜಾಲರಿ ಬಟ್ಟಲನ್ನು ರೋಮನ್ ಗಾಜಿನ ಶಿಖರವೆನ್ನುವವರು ಇನ್ನೊಂದು ಕಸಬಿನ ಸಾಧನೆಯನ್ನು ಇದರ ಖಾತೆಗೆ ಬರೆಯುತ್ತಿದ್ದಾರೆ.

ಆ ಕಸಬಿನವರ ಬದುಕು ಅರಮನೆಯ ಗುಟ್ಟಿನದಾಗಿರಲಿಲ್ಲ, ಒಪ್ಪಂದದ್ದಾಗಿತ್ತು. 3ನೆಯ ಶತಮಾನದ ನ್ಯಾಯವಿದ ಉಲ್ಪಿಯನ್ ನಷ್ಟಪರಿಹಾರದ ಕಾನೂನನ್ನು ವಿವರಿಸುತ್ತ ಇದೇ ಉದಾಹರಣೆ ಕೊಡುತ್ತಾನೆ. ಜಾಲರಿ ಕೊರೆಯಲು ಒಬ್ಬನು ಬಟ್ಟಲು ಕೊಟ್ಟ, ಕೊರೆಯುವವನ ಕೈಯಲ್ಲಿ ಅದು ಒಡೆಯಿತು. ಕೈ ಸಾಲದೆ ಒಡೆದಿದ್ದರೆ ಅವನೇ ಹೊಣೆ. ಗಾಜಿನಲ್ಲಿ ಮೊದಲೇ ಬಿರುಕಿದ್ದರೆ ಅವನನ್ನು ಬಿಡಬಹುದು. ಅದಕ್ಕೇ, ಎನ್ನುತ್ತಾನೆ ಉಲ್ಪಿಯನ್, ಇಂಥ ಕೆಲಸ ಹಿಡಿಯುವವರು ಒಡೆದರೆ ತಮ್ಮ ಮೇಲೆ ಬರಕೂಡದೆಂದು ಮೊದಲೇ ಮಾತು ಮಾಡಿಕೊಳ್ಳುವುದು ರೂಢಿ; ಹಾಗೆ ಮಾತಾಗಿದ್ದರೆ ಬಟ್ಟಲಿನ ಒಡೆಯ ದಾವೆ ಹೂಡುವಂತಿಲ್ಲ.